ಸಂಶೋಧನೆಗೆ ಒಂದೇ ಅಳತೆಗೋಲು ಸಾಕೆ?

2002ರ ಆಗಸ್ಟ್ ತಿಂಗಳಲ್ಲಿ ಕಾನ್ಪುರದ ಐಐಟಿಯಿಂದ ಒಂಬತ್ತು ಪುಟಗಳ ಪ್ರಬಂಧವೊಂದು ಹೊರಬಿತ್ತು. ಬರೆದವರು ಮಣೀಂದ್ರ ಅಗ್ರವಾಲ್ ಮತ್ತು ಆಗಷ್ಟೇ ಬಿ.ಟೆಕ್. ಮುಗಿಸಿದ್ದ ಅವರ ಇಬ್ಬರು ವಿದ್ಯಾರ್ಥಿಗಳಾದ ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ. ಒಂದು ಸಂಖ್ಯೆ ಅವಿಭಾಜ್ಯವೇ ಅಲ್ಲವೇ ಎಂಬುದನ್ನು ಊಹೆಯ ನೆರವಿಲ್ಲದೆ, ಸಂಖ್ಯೆ ಬೆಳೆದಂತೆಲ್ಲ ಲೆಕ್ಕ ಕೈಮೀರಿ ಹೋಗದಂತೆ ನಿರ್ಧರಿಸುವ ವಿಧಾನವನ್ನು ಅವರು ಕೊಟ್ಟಿದ್ದರು. ಕೆಲವೇ ದಿನಗಳಲ್ಲಿ ಜಗತ್ತಿನ ಗಣಿತಜ್ಞರು ಅದನ್ನು ಓದಿ, ಪರಿಶೀಲಿಸಿ, ಸರಿಯೆಂದು ಒಪ್ಪಿದರು. ಪ್ರತಿಷ್ಠಿತ ಪತ್ರಿಕೆಯೊಂದರಲ್ಲಿ ಅದು ಅಚ್ಚಾದದ್ದು 2004ರಲ್ಲಿ.

ಇದರ ಪಕ್ಕದಲ್ಲಿ ಇನ್ನೊಂದು ಕೆಲಸವನ್ನು ಇಟ್ಟು ನೋಡೋಣ. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ–ಕನ್ನಡ ನಿಘಂಟಿನ ಕಾರ್ಯ 1940ರ ದಶಕದಲ್ಲಿ ಆರಂಭವಾಯಿತು. ಶಾಸನಗಳಿಂದ, ಹಳಗನ್ನಡ ಕಾವ್ಯಗಳಿಂದ, ವಚನಗಳಿಂದ, ಆಧುನಿಕ ಬರವಣಿಗೆಯಿಂದ ಒಂದೊಂದು ಪದಕ್ಕೂ ಪ್ರಯೋಗಗಳನ್ನು ಆಯ್ದು, ಚೀಟಿಗಳಲ್ಲಿ ಬರೆದು, ಅರ್ಥ ನಿರ್ಣಯಿಸಿ, ಎಂಟನೆಯ ಸಂಪುಟ ಹೊರಬರುವ ಹೊತ್ತಿಗೆ 1990ರ ದಶಕ ಬಂದಿತ್ತು. ಸುಮಾರು ಒಂಬತ್ತು ಸಾವಿರ ಪುಟಗಳ ಈ ಕೃತಿಯನ್ನು ಯಾರೂ ಮೊದಲಿನಿಂದ ಕೊನೆಯವರೆಗೆ ಓದುವುದಿಲ್ಲ. ಅದನ್ನು ಆರಂಭಿಸಿದ ವಿದ್ವಾಂಸರಲ್ಲಿ ಅನೇಕರು ಅದರ ಮುಕ್ತಾಯವನ್ನು ಕಾಣಲಿಲ್ಲ. ಜಿ. ವೆಂಕಟಸುಬ್ಬಯ್ಯನವರಂಥವರು ಬದುಕಿನ ಬಹುಭಾಗವನ್ನೇ ಇದಕ್ಕೆ ಕೊಟ್ಟರು.

ಒಂಬತ್ತು ಪುಟ ಒಂದು ಕಡೆ, ಒಂಬತ್ತು ಸಾವಿರ ಪುಟ ಇನ್ನೊಂದು ಕಡೆ. ಇವೆರಡರಲ್ಲಿ ಯಾವುದು ದೊಡ್ಡ ಸಂಶೋಧನೆ ಎಂದು ಕೇಳಿದರೆ ವಿವೇಕವುಳ್ಳ ಯಾರೂ ಉತ್ತರಿಸಲು ಹೋಗುವುದಿಲ್ಲ. ಆದರೆ ನಮ್ಮ ವಿಶ್ವವಿದ್ಯಾಲಯಗಳು ಎರಡು ದಶಕಗಳಿಂದ ಇದೇ ಪ್ರಶ್ನೆಯನ್ನು ಬೇರೆ ಬೇರೆ ರೂಪದಲ್ಲಿ ಕೇಳುತ್ತಿವೆ ಮತ್ತು ಅಂಕಗಳಲ್ಲಿ ಉತ್ತರವನ್ನೂ ಕೊಡುತ್ತಿವೆ. ‘ಸಂಶೋಧನೆ’ ಎಂಬ ಒಂದೇ ಪದದ ಅಡಿಯಲ್ಲಿ ಎಷ್ಟೊಂದು ಬಗೆಯ ಕೆಲಸಗಳು ನಡೆಯುತ್ತವೆ ಎಂಬುದನ್ನು ಮರೆತು, ಎಲ್ಲವನ್ನೂ ಒಂದೇ ಕೊಳಗದಲ್ಲಿ ಅಳೆಯಲು ಹೊರಟಿರುವುದರಿಂದ ಆಗುತ್ತಿರುವ ನಷ್ಟವನ್ನು ಸಾರ್ವಜನಿಕರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಮೊದಲು ಪುರಾವೆಯ ಮಾತು. ಗಣಿತದಲ್ಲಿ ಒಂದು ಪ್ರಮೇಯ ಸಿದ್ಧವಾಯಿತೆಂದರೆ ಅದು ಎಂದೆಂದಿಗೂ ಸಿದ್ಧವೇ. ಪ್ರಯೋಗ ವಿಜ್ಞಾನದಲ್ಲಿ ಹಾಗಲ್ಲ. ಅಲ್ಲಿ ಒಬ್ಬರು ಕಂಡದ್ದನ್ನು ಮತ್ತೊಬ್ಬರೂ ಕಾಣಬೇಕು. ಕೋಲಾರದ ಚಿನ್ನದ ಗಣಿಯ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಬ್ರಿಟನ್ನಿನ ಸಹೋದ್ಯೋಗಿಗಳೊಡನೆ ಉಪಕರಣಗಳನ್ನು ಇರಿಸಿ, 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಸುಳಿವನ್ನು ಪತ್ತೆ ಮಾಡಿದರು. ಅದೇ ಕಾಲಕ್ಕೆ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿಯೂ ಇಂಥದೇ ಪ್ರಯೋಗ ನಡೆದು ಅದೇ ಫಲ ದೊರೆಯಿತು. ಎರಡು ಖಂಡಗಳ ಎರಡು ಗಣಿಗಳು ಒಂದನ್ನೊಂದು ಸಮರ್ಥಿಸಿದವು. ಮುಂದೆ 1980ರ ದಶಕದಲ್ಲಿ ಅದೇ ಕೋಲಾರದಲ್ಲಿ ಪ್ರೋಟಾನು ತಾನಾಗಿಯೇ ವಿಘಟಿಸುತ್ತದೆಯೇ ಎಂಬ ಶೋಧ ನಡೆಯಿತು. ವಿಘಟನೆ ಇರಬಹುದೆಂದು ತೋರಿದ ಕೆಲವು ಘಟನೆಗಳು ದಾಖಲಾದವಾದರೂ ಬೇರೆ ದೇಶಗಳ ಪ್ರಯೋಗಗಳು ಅದನ್ನು ಸಮರ್ಥಿಸಲಿಲ್ಲ. ಹಾಗೆಂದು ಆ ಶ್ರಮ ವ್ಯರ್ಥವೆನ್ನಲಾಗದು. ಯಾವುದು ಕಾಣಲಿಲ್ಲ ಎಂಬುದನ್ನು ಎಚ್ಚರದಿಂದ ದಾಖಲಿಸುವುದೂ ವಿಜ್ಞಾನದ ಗಳಿಕೆಯೇ.

ಶಾಸನಶಾಸ್ತ್ರದ ಪುರಾವೆ ಮತ್ತೊಂದು ಬಗೆಯದು. ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12 ಸಂಪುಟಗಳಲ್ಲಿ ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ಪ್ರಕಟಿಸಿದರು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಪರಿಸರದಲ್ಲಿ 1892ರಲ್ಲಿ ಅವರು ಗುರುತಿಸಿದ ಅಶೋಕನ ಶಾಸನಗಳು ದಕ್ಷಿಣ ಭಾರತದ ಇತಿಹಾಸದ ಆರಂಭರೇಖೆಯನ್ನೇ ಬದಲಿಸಿದವು. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಹಲ್ಮಿಡಿ ಶಾಸನವನ್ನು ಬೆಳಕಿಗೆ ತಂದಾಗ ಅದು ಕನ್ನಡದ ಮೊತ್ತಮೊದಲ ಶಾಸನವೆನಿಸಿತು. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ 2013–14ರ ಉತ್ಖನನದಲ್ಲಿ ದೊರೆತ ಶಾಸನ ಅದಕ್ಕಿಂತಲೂ ಹಳೆಯದೆಂಬ ವಾದ ಈಗ ನಮ್ಮ ಮುಂದಿದೆ. ಇಲ್ಲಿ ಪ್ರಯೋಗವನ್ನು ಮತ್ತೆ ಮಾಡಿ ನೋಡುವಂತಿಲ್ಲ. ಸವೆದ ಕಲ್ಲನ್ನು ಮತ್ತೆ ಓದಬೇಕು, ಲಿಪಿಯ ವಟುವನ್ನು ಇತರ ಶಾಸನಗಳೊಡನೆ ಹೋಲಿಸಬೇಕು, ಒಂದು ಅಕ್ಷರದ ಬಗ್ಗೆ ಹತ್ತು ವರ್ಷ ವಾದಿಸಬೇಕು. ಒಬ್ಬರ ಓದನ್ನು ಮತ್ತೊಬ್ಬರು ತಿದ್ದುವುದು ಆ ಶಾಸ್ತ್ರದ ದೋಷವಲ್ಲ. ಅದರ ನಡಿಗೆಯೇ ಹಾಗೆ.

ಸಮಾಜವಿಜ್ಞಾನಗಳಲ್ಲಿ ಪುರಾವೆ ಜನರ ನಡುವೆ ಇರುತ್ತದೆ. ಎಂ.ಎನ್. ಶ್ರೀನಿವಾಸ್ ಅವರು 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ಇದ್ದು ಕ್ಷೇತ್ರಕಾರ್ಯ ಮಾಡಿದರು. ಆ ಹಳ್ಳಿಗೆ ಅವರು ಕೊಟ್ಟ ಹೆಸರು ರಾಂಪುರ. 1970ರಲ್ಲಿ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಅವರ ಕೊಠಡಿಗೆ ಬೆಂಕಿ ಬಿದ್ದು, ಸಂಸ್ಕರಿಸಿ ಸಿದ್ಧಪಡಿಸಿದ್ದ ಟಿಪ್ಪಣಿಗಳು ನಾಶವಾದವು. ನೆನಪನ್ನು ಆಧರಿಸಿ ಅವರು ಬರೆದ ಪುಸ್ತಕ 1976ರಲ್ಲಿ ಪ್ರಕಟವಾಯಿತು. ಕ್ಷೇತ್ರಕಾರ್ಯಕ್ಕೂ ಗ್ರಂಥಕ್ಕೂ ನಡುವೆ 28 ವರ್ಷಗಳು! ಭಾರತದ ಹಳ್ಳಿಯನ್ನು ಅರಿಯಲು ಇಂದಿಗೂ ಜಗತ್ತಿನ ವಿದ್ಯಾರ್ಥಿಗಳು ಅದನ್ನು ಓದುತ್ತಾರೆ. ‘ಪ್ರಬಲ ಜಾತಿ’, ‘ಸಂಸ್ಕೃತೀಕರಣ’ ಎಂಬ ಅವರ ಪರಿಕಲ್ಪನೆಗಳು ನಮ್ಮ ರಾಜಕೀಯ ವರದಿಗಾರರ ನಿತ್ಯದ ಮಾತುಗಳಾಗಿವೆ. ಒಂದು ಹಳ್ಳಿ, ಒಬ್ಬ ವಿದ್ವಾಂಸ; ಅಂಕಿ–ಅಂಶಗಳ ಕೋಷ್ಟಕ ಕಡಿಮೆ, ಕಂಡದ್ದರ ವಿವರ ಹೆಚ್ಚು. ಇದನ್ನು ಭೌತವಿಜ್ಞಾನದ ತಕ್ಕಡಿಯಲ್ಲಿ ತೂಗಿದರೆ ತೂಕವೇ ಸಿಗದು.

ವೆಚ್ಚದ ವಿಷಯದಲ್ಲಿಯೂ ಇಷ್ಟೇ ವೈವಿಧ್ಯವಿದೆ. ದುಬಾರಿ ಉಪಕರಣಗಳಿಲ್ಲದೆ ವಿಜ್ಞಾನವಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ಅವರು ದಶಕಗಳ ಕಾಲ ಅಧ್ಯಯನ ಮಾಡಿದ್ದು ಕಟ್ಟಡಗಳ ಮೂಲೆಗಳಲ್ಲಿ ಗೂಡು ಕಟ್ಟುವ ಕಣಜಗಳನ್ನು. ಒಂದೊಂದು ಕಣಜಕ್ಕೂ ಬಣ್ಣದ ಚುಕ್ಕೆಯಿಟ್ಟು, ಯಾವುದು ಗೂಡಿನಲ್ಲಿ ಏನು ಮಾಡುತ್ತದೆಂದು ಗಂಟೆಗಟ್ಟಲೆ ನೋಡಿ ಬರೆದುಕೊಳ್ಳುವುದೇ ಆ ಸಂಶೋಧನೆಯ ತಿರುಳು. ತಾನೇ ಮೊಟ್ಟೆಯಿಡುವುದನ್ನು ಬಿಟ್ಟು ಇನ್ನೊಬ್ಬಳ ಮರಿಗಳನ್ನು ಸಾಕುವ ಸ್ವಭಾವ ಜೀವವಿಕಾಸದಲ್ಲಿ ಹೇಗೆ ಬಂತು ಎಂಬ ಆಳವಾದ ಪ್ರಶ್ನೆಗೆ ಆ ಚುಕ್ಕೆಗಳು ದಾರಿ ತೋರಿಸಿದವು. ಅದೇ ಗದಗಕರ್ ಅವರು 2004ರಲ್ಲಿ ವಿಜ್ಞಾನ ಸಂಸ್ಥೆಯ ಆವರಣದಲ್ಲೇ ಸಮಕಾಲೀನ ಅಧ್ಯಯನ ಕೇಂದ್ರವನ್ನು ಕಟ್ಟಿ, ಇತಿಹಾಸಕಾರರನ್ನೂ ತತ್ತ್ವಶಾಸ್ತ್ರಜ್ಞರನ್ನೂ ಕಲಾವಿದರನ್ನೂ ವಿಜ್ಞಾನಿಗಳ ನಡುವೆ ಕರೆತಂದದ್ದು ಆಕಸ್ಮಿಕವಲ್ಲ ಎಂದು ನನಗೆ ತೋರುತ್ತದೆ. ಸೂಕ್ಷ್ಮವಾಗಿ ನೋಡುವ ಅಭ್ಯಾಸ ಉಳ್ಳವರಿಗೆ ಜ್ಞಾನದ ಒಳಬೇಲಿಗಳು ಅಷ್ಟು ಎತ್ತರವಾಗಿ ಕಾಣುವುದಿಲ್ಲ.

ಇದೆಲ್ಲ ಸರಿ, ಆದರೆ ಈ ವೈವಿಧ್ಯದಿಂದ ತೆರಿಗೆ ಕಟ್ಟುವ ಪ್ರಜೆಗೆ ಏನು ಬಂತು ಎಂಬ ಪ್ರಶ್ನೆ ಸಹಜ. ಇದಕ್ಕೆ ಉತ್ತರ ಬೇಕಾದವರು ಮಲೆನಾಡಿನ ಮಂಗನ ಕಾಯಿಲೆಯ ಚರಿತ್ರೆಯನ್ನು ನೋಡಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಜನ ತೀವ್ರ ಜ್ವರದಿಂದ ಮಲಗಿದರು. ಪುಣೆಯ ವೈರಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅಲ್ಪಕಾಲದಲ್ಲೇ ಅದೊಂದು ಹೊಸ ವೈರಾಣುವೆಂದೂ ಉಣುಗುಗಳ ಕಡಿತದಿಂದ ಹರಡುತ್ತದೆಂದೂ ಕಂಡುಹಿಡಿದರು. ಪ್ರಯೋಗಾಲಯ ಮಾಡಬೇಕಾದ ಕೆಲಸವನ್ನು ಪ್ರಯೋಗಾಲಯ ಸೊಗಸಾಗಿ ಮಾಡಿತು. ಮುಂದೆ ಲಸಿಕೆಯೂ ಬಂತು.

ಆದರೂ ಕಾಯಿಲೆ ಹೋಗಲಿಲ್ಲ. ಬದಲಾಗಿ 2012ರಲ್ಲಿ ಬಂಡೀಪುರದಲ್ಲಿ, ಅನಂತರ ವಯನಾಡು, ಗೋವಾ ಮತ್ತು ಮಹಾರಾಷ್ಟ್ರದ ಸಿಂಧುದುರ್ಗದಲ್ಲಿ ಕಾಣಿಸಿಕೊಂಡಿತು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಸಾವುಗಳಾದವು. ಹಳೆಯ ಲಸಿಕೆಯ ಪರಿಣಾಮ ಸಾಲದೆಂದು ಕಂಡುಬಂದು ಅದರ ಬಳಕೆ ನಿಂತಿದೆ. ವೈರಾಣುವಿನ ಬಗ್ಗೆ ಇಷ್ಟೆಲ್ಲ ತಿಳಿದ ಮೇಲೂ ಸಮಸ್ಯೆ ಏಕೆ ಉಳಿಯಿತು? ಏಕೆಂದರೆ ಉಳಿದ ಪ್ರಶ್ನೆಗಳು ವೈರಾಣುಶಾಸ್ತ್ರದವಲ್ಲ. ಕಾಡು ಎಲ್ಲಿ, ಯಾವಾಗ ಚೂರುಚೂರಾಯಿತು ಎಂಬುದನ್ನು ಪರಿಸರವಿಜ್ಞಾನಿ ಹೇಳಬೇಕು. ದನಗಳು ಕಾಡಿಗೆ ಹೋಗಿ ಉಣುಗುಗಳನ್ನು ಮನೆಬಾಗಿಲಿಗೆ ತರುವ ಬಗೆಯನ್ನು ಪಶುವೈದ್ಯ ಹೇಳಬೇಕು. ಅಡಿಕೆ ತೋಟಕ್ಕೆ ಸೊಪ್ಪು, ಕೊಟ್ಟಿಗೆಗೆ ತರಗೆಲೆ, ಒಲೆಗೆ ಸೌದೆ ತರಲು ಕಾಡಿಗೆ ಹೋಗುವವರು ಯಾರು, ಭೂಮಿ ಇದ್ದವರೇ ಇಲ್ಲದವರೇ, ಗಂಡಸರೇ ಹೆಂಗಸರೇ ಎಂಬುದನ್ನು ಸಮಾಜವಿಜ್ಞಾನಿ ಹೇಳಬೇಕು. ಉಣುಗು ನಿವಾರಕ ತೈಲವನ್ನು ಹಂಚಿದರೂ ಜನ ಏಕೆ ಹಚ್ಚಿಕೊಳ್ಳುವುದಿಲ್ಲ, ಆರೋಗ್ಯ ಕಾರ್ಯಕರ್ತೆಯ ಮಾತಿನಲ್ಲಿ ಅವರಿಗೆ ಏಕೆ ನಂಬಿಕೆ ಹುಟ್ಟುವುದಿಲ್ಲ ಎಂಬುದು ಅವರ ಭಾಷೆಯಲ್ಲಿ ಅವರೊಡನೆ ಮಾತನಾಡಿದವರಿಗೆ ಮಾತ್ರ ತಿಳಿಯುತ್ತದೆ. ಇವುಗಳಲ್ಲಿ ಯಾವುದೊಂದು ಶಾಸ್ತ್ರ ದುರ್ಬಲವಾದರೂ ಸಾಯುವವರು ಕಾಡಂಚಿನ ಬಡವರು.

ಇಂಥ ಬಹುಬಗೆಯ ಕೆಲಸಗಳನ್ನು ನಾವು ಹೇಗೆ ಬೆಲೆಕಟ್ಟುತ್ತಿದ್ದೇವೆ? 2010ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಅಧ್ಯಾಪಕರ ನೇಮಕ ಮತ್ತು ಬಡ್ತಿಗೆ ಅಂಕಗಳ ಪದ್ಧತಿಯನ್ನು ತಂದಿತು. ಪ್ರಬಂಧಕ್ಕೆ ಇಷ್ಟು, ಪುಸ್ತಕಕ್ಕೆ ಇಷ್ಟು, ವಿಚಾರಸಂಕಿರಣಕ್ಕೆ ಇಷ್ಟು ಎಂದು ಲೆಕ್ಕ ನಿಗದಿಯಾಯಿತು. ಅಂಕಕ್ಕೆ ಪ್ರಬಂಧ ಬೇಕಾದಾಗ ಪ್ರಬಂಧ ಅಚ್ಚುಮಾಡುವ ಅಂಗಡಿಗಳೂ ತೆರೆದವು. ಹಣ ಕಟ್ಟಿದರೆ ಒಂದು ವಾರದಲ್ಲಿ ‘ಅಂತರರಾಷ್ಟ್ರೀಯ’ ಪ್ರಕಟಣೆ ಸಿದ್ಧ. ಇದನ್ನು ತಡೆಯಲು ಆಯೋಗ ಮಾನ್ಯ ಪತ್ರಿಕೆಗಳ ಪಟ್ಟಿ ಮಾಡಿತು. 2018ರ ಮೇ ತಿಂಗಳಲ್ಲಿ ಆ ಪಟ್ಟಿಯಿಂದ 4,305 ಪತ್ರಿಕೆಗಳನ್ನು ತಾನೇ ಕಿತ್ತುಹಾಕಬೇಕಾಯಿತು. ಬಳಿಕ ‘ಕೇರ್’ ಎಂಬ ಹೆಸರಿನ ಹೊಸ ಪಟ್ಟಿ ಬಂತು. 2025ರ ಫೆಬ್ರುವರಿಯಲ್ಲಿ ಅದನ್ನೂ ಕೈಬಿಟ್ಟು, ಪತ್ರಿಕೆಗಳ ಗುಣಮಟ್ಟವನ್ನು ನೋಡಿಕೊಳ್ಳುವ ಹೊಣೆಯನ್ನು ವಿಶ್ವವಿದ್ಯಾಲಯಗಳಿಗೇ ವಹಿಸಲಾಯಿತು. ಪಿಎಚ್.ಡಿ. ಪ್ರಬಂಧ ಸಲ್ಲಿಸುವ ಮೊದಲು ಪತ್ರಿಕೆಯಲ್ಲಿ ಲೇಖನ ಪ್ರಕಟವಾಗಿರಲೇಬೇಕೆಂಬ ನಿಯಮ 2022ರಲ್ಲಿ ಹೋಯಿತು. ಪಟ್ಟಿಗಳು ಬಂದು ಹೋದವು. ಆದರೆ ಎಣಿಸುವ ಮನೋಭಾವ ಮಾತ್ರ ಹಾಗೆಯೇ ಉಳಿದಿದೆ.

ಪತ್ರಿಕೆಗಳ ‘ಇಂಪ್ಯಾಕ್ಟ್ ಫ್ಯಾಕ್ಟರ್’ ಎಂಬ ಸಂಖ್ಯೆ ಹುಟ್ಟಿದ್ದು ಗ್ರಂಥಪಾಲಕರು ಯಾವ ಪತ್ರಿಕೆಗೆ ಚಂದಾ ಕಟ್ಟಬೇಕೆಂದು ತೀರ್ಮಾನಿಸಲು ನೆರವಾಗಲೆಂದು. ಅದನ್ನು ವ್ಯಕ್ತಿಗಳ ಯೋಗ್ಯತೆ ಅಳೆಯಲು ಬಳಸಬಾರದೆಂದು 2012ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ರೂಪುಗೊಂಡ ಘೋಷಣೆ ಸ್ಪಷ್ಟವಾಗಿ ಹೇಳಿತು. ಆ ಎಚ್ಚರಿಕೆ ಹೊರಟಿದ್ದು ವಿಜ್ಞಾನಿಗಳ ನಡುವಿನಿಂದಲೇ ಎಂಬುದನ್ನು ಗಮನಿಸಬೇಕು. ಎಣಿಕೆಯ ಹಾವಳಿಯಿಂದ ನರಳುತ್ತಿರುವುದು ಮಾನವಿಕಗಳು ಮಾತ್ರವಲ್ಲ. ಹತ್ತು ವರ್ಷ ಒಂದೇ ಪ್ರಶ್ನೆಯ ಬೆನ್ನು ಹತ್ತುವ ಗಣಿತಜ್ಞ, ಹುಲ್ಲುಗಾವಲಿನಲ್ಲಿ ಮಳೆಗಾಲ ಕಳೆಯುವ ಸಸ್ಯವಿಜ್ಞಾನಿ ಕೂಡ ಈ ಲೆಕ್ಕದಲ್ಲಿ ಸೋಲುತ್ತಾರೆ.

ಕನ್ನಡದಲ್ಲಿ ಬರೆಯುವವರ ಪಾಡು ಇನ್ನೂ ಕಠಿಣ. ಕೆಲವು ವರ್ಷಗಳ ಹಿಂದೆ ನೇಮಕ ಸಮಿತಿಯೊಂದರಲ್ಲಿ ನಾನೂ ಒಬ್ಬ ಸದಸ್ಯನಾಗಿದ್ದೆ. ಒಬ್ಬ ಅಭ್ಯರ್ಥಿ ಎರಡು ತಾಲ್ಲೂಕುಗಳ ಹಳ್ಳಿಹಳ್ಳಿ ತಿರುಗಿ, ಪೊದೆಗಳಲ್ಲಿ ಬಿದ್ದಿದ್ದ ವೀರಗಲ್ಲುಗಳ ಪಡಿಯಚ್ಚು ತೆಗೆದು, ಅಪ್ರಕಟಿತ ಶಾಸನಗಳನ್ನು ಓದಿ ಕನ್ನಡದ ವಿದ್ವತ್ ಪತ್ರಿಕೆಗಳಲ್ಲಿ ಪ್ರಕಟಿಸಿದ್ದರು. ಆ ಪತ್ರಿಕೆಗಳು ಪಟ್ಟಿಯಲ್ಲಿ ಇರಲಿಲ್ಲವಾದ್ದರಿಂದ ಅವರಿಗೆ ಸಂದ ಅಂಕ ಹೆಚ್ಚುಕಡಿಮೆ ಶೂನ್ಯ. ನೇಮಕವಾದವರು ಬೇರೊಬ್ಬರು, ಅವರ ಪ್ರಬಂಧಗಳ ಸಂಖ್ಯೆ ದೊಡ್ಡದಿತ್ತು. ಅವುಗಳಲ್ಲಿ ಒಂದನ್ನಾದರೂ ಸಮಿತಿಯಲ್ಲಿ ಯಾರೂ ಓದಿರಲಿಲ್ಲ, ಓದಲು ಸಮಯವನ್ನೂ ಕೊಟ್ಟಿರಲಿಲ್ಲ. ನಿಯಮ ಪಾಲನೆಯಾಯಿತು. ಆದರೆ ಹಳಗನ್ನಡದ ಲಿಪಿಯನ್ನು ಕಲ್ಲಿನ ಮೇಲೆ ಓದಬಲ್ಲ ತರುಣರು ಇಂದು ಎಷ್ಟು ವಿರಳ ಎಂಬುದನ್ನು ಬಲ್ಲವರಿಗೆ ಆ ದಿನದ ನಷ್ಟ ಅರ್ಥವಾದೀತು. ಯಂತ್ರ ಕೆಟ್ಟರೆ ಮತ್ತೊಂದನ್ನು ಕೊಳ್ಳಬಹುದು. ಒಂದು ವಿದ್ಯೆಯನ್ನು ಕಲಿಸುವ ಗುರುಪರಂಪರೆ ಒಂದು ತಲೆಮಾರಿನಲ್ಲಿ ಕಡಿದುಹೋದರೆ ಅದನ್ನು ಹಣ ಕೊಟ್ಟು ತರಲಾಗದು.

ಹಣದ ಹಂಚಿಕೆಯಲ್ಲಿಯೂ ಇದೇ ಓರೆ ಕಾಣುತ್ತದೆ. ದೇಶದ ಒಟ್ಟು ಆಂತರಿಕ ಉತ್ಪನ್ನದಲ್ಲಿ ಸಂಶೋಧನೆ ಮತ್ತು ಅಭಿವೃದ್ಧಿಗೆ ಸಲ್ಲುವುದು 2020–21ರ ಸರ್ಕಾರಿ ಅಂಕಿಗಳಂತೆ ಶೇ 0.64 ಮಾತ್ರ. 2023ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯಂತೆ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಸ್ಥಾಪನೆಯಾಗಿದೆ. ಐದು ವರ್ಷಗಳಲ್ಲಿ 50 ಸಾವಿರ ಕೋಟಿ ರೂಪಾಯಿ ಕ್ರೋಡೀಕರಿಸುವ ಗುರಿ ಅದರದು. ಬಹುಪಾಲು ಸರ್ಕಾರೇತರ ಮೂಲಗಳಿಂದ ಬರಬೇಕೆಂಬ ಎಣಿಕೆ. ಸ್ವಾಗತಾರ್ಹ ಹೆಜ್ಜೆಯೇ. ಆದರೆ ಮಾನವಿಕ ಮತ್ತು ಸಮಾಜವಿಜ್ಞಾನಗಳಿಗೆ ಅಲ್ಲಿ ಜಾಗವಿರುವುದು ಅವು ವಿಜ್ಞಾನ–ತಂತ್ರಜ್ಞಾನವನ್ನು ಸಂಧಿಸುವ ಗಡಿಯಲ್ಲಿ ಮಾತ್ರ. ನಿಘಂಟು, ಗ್ರಂಥಸಂಪಾದನೆ, ಶಾಸನ ಸಂಗ್ರಹ, ಮೌಖಿಕ ಪರಂಪರೆಯ ದಾಖಲಾತಿ ಇವು ಯಾವ ಗಡಿಯಲ್ಲಿ ನಿಲ್ಲಬೇಕು? ಖಾಸಗಿ ಉದ್ಯಮ ಅವುಗಳಿಗೆ ಹಣ ಕೊಡುವುದೇ? ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಒಬ್ಬ ಪಂಡಿತರು ತಂದುಕೊಟ್ಟ ತಾಳೆಗರಿಯ ಕಟ್ಟಿನಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, 1909ರಲ್ಲಿ ಅದರ ಪಾಠವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದ್ದು ನಮಗೆ ಗೊತ್ತಿದೆ. ಆ ಗ್ರಂಥಾಲಯವನ್ನು ಕಟ್ಟಿದ ಸಂಸ್ಥಾನ ಮುಂದೆ ಅಲ್ಲಿ ಏನು ಸಿಗುವುದೆಂದು ಮೊದಲೇ ಲೆಕ್ಕ ಹಾಕಿರಲಿಲ್ಲ.

ಈ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ, ಅದನ್ನು ಕಡೆಗಣಿಸುವಂತಿಲ್ಲ. ಅಂಕಪದ್ಧತಿ ಬರುವ ಮೊದಲು ಎಲ್ಲವೂ ಚೆನ್ನಾಗಿತ್ತೆ? ಖಂಡಿತ ಇಲ್ಲ. ಜಾತಿ, ಪರಿಚಯ, ಶಿಫಾರಸುಗಳ ಮೇಲೆ ನೇಮಕಗಳಾಗುತ್ತಿದ್ದವು. ‘ಆಳವಾದ ಅಧ್ಯಯನ ನಡೆಸುತ್ತಿದ್ದೇನೆ’ ಎಂದು ಹೇಳಿಕೊಂಡು ಇಪ್ಪತ್ತು ವರ್ಷ ಏನನ್ನೂ ಬರೆಯದವರು ಇದ್ದರು. ಒಂದೇ ಅಚ್ಚಿನಲ್ಲಿ ಎರಕಹೊಯ್ದ ಪಿಎಚ್.ಡಿ. ಪ್ರಬಂಧಗಳು ಮಾನವಿಕ ವಿಭಾಗಗಳಿಂದಲೇ ಹೆಚ್ಚಾಗಿ ಬಂದವು ಎಂಬ ದೂರಿನಲ್ಲಿಯೂ ಸತ್ಯಾಂಶವಿದೆ. ಸಂಖ್ಯೆಗಳಾದರೂ ಎಲ್ಲರಿಗೂ ಒಂದೇ ಎಂಬ ಸಮಾಧಾನ ಹಿಂದುಳಿದ ಹಿನ್ನೆಲೆಯಿಂದ ಬಂದ ಅನೇಕ ಅಭ್ಯರ್ಥಿಗಳಿಗೆ ಇತ್ತು. ಆದ್ದರಿಂದ ಅಳತೆಯೇ ಬೇಡವೆನ್ನುವುದು ಉತ್ತರವಲ್ಲ. ಬಟ್ಟೆಗೆ ಗಜ, ಹಾಲಿಗೆ ಲೀಟರು, ಅಕ್ಕಿಗೆ ಕಿಲೊ ಎನ್ನುವಂತೆ ಆಯಾ ವಸ್ತುವಿಗೆ ಆಯಾ ಅಳತೆ ಬೇಕು ಎಂಬುದಷ್ಟೇ ನನ್ನ ವಾದ.

ಇದಕ್ಕೆ ಕೆಲವು ಸರಳ ಕ್ರಮಗಳು ಸಾಧ್ಯ. ನೇಮಕ ಅಥವಾ ಬಡ್ತಿಯ ಸಂದರ್ಭದಲ್ಲಿ ಅಭ್ಯರ್ಥಿ ತನ್ನ ಅತ್ಯುತ್ತಮ ಮೂರು ಕೆಲಸಗಳನ್ನು ಮಾತ್ರ ಸಲ್ಲಿಸಲಿ. ಅವು ಪ್ರಬಂಧವಾಗಿರಬಹುದು, ಸಂಪಾದಿತ ಪಠ್ಯವಾಗಿರಬಹುದು, ದತ್ತಾಂಶ ಸಂಗ್ರಹವಾಗಿರಬಹುದು, ಫಲ ಕೊಡದ ಪ್ರಯೋಗದ ಪ್ರಾಮಾಣಿಕ ವರದಿಯೂ ಆಗಿರಬಹುದು. ಆಯಾ ಶಾಸ್ತ್ರ ಬಲ್ಲ ಹೊರಗಿನ ಇಬ್ಬರು ಅವನ್ನು ಓದಿ ಲಿಖಿತ ಅಭಿಪ್ರಾಯ ಕೊಡಲಿ. ಆ ಅಭಿಪ್ರಾಯ ಅಭ್ಯರ್ಥಿಗೂ ಸಿಗುವಂತಿರಲಿ. ಬಹಿರಂಗವಾದ ಕಾರಣಗಳಿಗಿಂತ ದೊಡ್ಡ ಕಾವಲು ಪಕ್ಷಪಾತಕ್ಕೆ ಬೇರೆ ಇಲ್ಲ. ಎರಡನೆಯದಾಗಿ, ನಿಘಂಟು, ಶಾಸನ ಸಂಪುಟ, ಸಸ್ಯಸಂಗ್ರಹ, ದೀರ್ಘಕಾಲದ ಪರಿಸರ ವೀಕ್ಷಣೆಯಂಥ ಕೆಲಸಗಳಿಗೆ ಮೂರು ವರ್ಷದ ‘ಪ್ರಾಜೆಕ್ಟ್’ ಬದಲು ಹದಿನೈದು–ಇಪ್ಪತ್ತು ವರ್ಷಗಳ ಖಾತರಿಯ ನೆರವು ಬೇಕು. ಮೂರನೆಯದಾಗಿ, ಕನ್ನಡದ ಹಳೆಯ ವಿದ್ವತ್ ಪತ್ರಿಕೆಗಳನ್ನು ಕಟ್ಟುನಿಟ್ಟಿನ ವಿಮರ್ಶಾವ್ಯವಸ್ಥೆಯೊಡನೆ ಬಲಪಡಿಸಿ, ಅವುಗಳ ಹಿಂದಿನ ಸಂಚಿಕೆಗಳೆಲ್ಲ ಅಂತರ್ಜಾಲದಲ್ಲಿ ಹುಡುಕಲು ಸಿಗುವಂತೆ ಮಾಡಬೇಕು. ಕನ್ನಡದಲ್ಲಿ ನಡೆದ ಸಂಶೋಧನೆ ಕಾಣುವುದಿಲ್ಲ ಎಂದು ದೂರುವ ಮೊದಲು ಅದನ್ನು ಕಾಣುವಂತೆ ಇಡುವುದು ನಮ್ಮ ವಿಶ್ವವಿದ್ಯಾಲಯಗಳ ಕರ್ತವ್ಯ. ನಾಲ್ಕನೆಯದಾಗಿ, ಮಂಗನ ಕಾಯಿಲೆಯಂಥ ನಮ್ಮದೇ ನೆಲದ ಸಮಸ್ಯೆಗಳ ಅಧ್ಯಯನಕ್ಕೆ ಅನುದಾನ ಕೊಡುವಾಗ ವೈರಾಣುಶಾಸ್ತ್ರಜ್ಞರ ಜತೆ ಸಮಾಜವಿಜ್ಞಾನಿಯೂ ತಂಡದಲ್ಲಿ ಆರಂಭದಿಂದಲೇ ಇರಬೇಕೆಂಬ ನಿಯಮ ಬರಲಿ. ಕೊನೆಯಲ್ಲಿ ಕರಪತ್ರ ಬರೆಯಿಸಲು ಮಾತ್ರ ಅವರನ್ನು ಕರೆಯುವ ಪದ್ಧತಿ ನಿಲ್ಲಲಿ.

ಇವುಗಳಲ್ಲಿ ಯಾವುದಕ್ಕೂ ಅಪಾರ ಹಣ ಬೇಕಿಲ್ಲ. ಬೇಕಾದದ್ದು ಓದುವ ವ್ಯವಧಾನ. ಎಣಿಸುವುದು ಸುಲಭ, ಓದುವುದು ಕಷ್ಟ. ಅದಕ್ಕಾಗಿಯೇ ಆಡಳಿತ ಎಣಿಕೆಯನ್ನು ಆರಿಸಿಕೊಂಡಿತು. ಪೋಷಕರಾಗಿ, ತೆರಿಗೆದಾರರಾಗಿ ನಾವೂ ಈ ಸುಲಭದ ದಾರಿಗೆ ಬೆಂಬಲ ಕೊಟ್ಟಿದ್ದೇವೆ. ಕಾಲೇಜಿನ ಶ್ರೇಯಾಂಕ ಎಷ್ಟೆಂದು ಕೇಳುವ ನಾವು, ಅಲ್ಲಿನ ಅಧ್ಯಾಪಕರು ಯಾವ ಪ್ರಶ್ನೆಯ ಬೆನ್ನು ಹತ್ತಿದ್ದಾರೆ ಎಂದು ಕೇಳುವುದಿಲ್ಲ. ಮಗನೋ ಮಗಳೋ ಪ್ರವೇಶ ಪಡೆಯಲು ಹೊರಟಾಗ ಈ ಎರಡನೆಯ ಪ್ರಶ್ನೆಯನ್ನೂ ಒಮ್ಮೆ ಕೇಳಿ ನೋಡೋಣ. ಆ ಪ್ರಶ್ನೆಗೆ ತಡವರಿಸದೆ, ಉತ್ಸಾಹದಿಂದ ಉತ್ತರಿಸುವ ಅಧ್ಯಾಪಕರು ಗಣಿತದವರೇ ಇರಲಿ, ಶಾಸನಶಾಸ್ತ್ರದವರೇ ಇರಲಿ, ಆ ವಿಶ್ವವಿದ್ಯಾಲಯ ಇನ್ನೂ ಜೀವಂತವಾಗಿದೆ ಎಂದು ತಿಳಿಯಬಹುದು.